ಫ್ಲಾಸ್ಕಿನ ಕಷಾಯ

ನಾಲ್ಕು ಮಹಡಿಯ ಆ ಹಳೆಯ ಕಟ್ಟಡದ ತಾರಸಿಯಲ್ಲಿ ಬೆಳಗಿನ ಹೊತ್ತು ಹೆಂಗಸರದ್ದೇ ರಾಜ್ಯ. ಬಕೆಟ್ಟುಗಳ ಸದ್ದು, ಒದ್ದೆ ಬಟ್ಟೆ ಕೊಡವುವ ಸದ್ದು, ಅದರ ನಡುವೆ ಮನೆಮನೆಯ ಸುದ್ದಿ. ಕೆಲವು ವಾರಗಳಿಂದ ಆ ರಾಜ್ಯಕ್ಕೆ ಒಬ್ಬ ಗಂಡಸು ನುಗ್ಗಿದ್ದ. ನಾಲ್ಕನೇ ಮಹಡಿಯವನು, ಲಿಫ್ಟ್ ರಿಪೇರಿ ಕೆಲಸದವನು. ಎಲ್ಲರೂ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಊರಿನ ಕಟ್ಟಡಗಳಲ್ಲೆಲ್ಲ ಲಿಫ್ಟ್ ಓಡಿಸುವವನು ತಾನು ಮಾತ್ರ ಮೆಟ್ಟಿಲು ಹತ್ತಿ ಮನೆ ಸೇರುತ್ತಾನೆ, ದೀಪದ ಬುಡದಲ್ಲೇ ಕತ್ತಲೆ ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ಈಗ ಆ ಮಾತು ನಿಂತು ಹೊಗಳಿಕೆ ಶುರುವಾಗಿತ್ತು. ಯಾಕೆಂದರೆ ಲಿಫ್ಟಣ್ಣ ತನ್ನ ಬಟ್ಟೆಯನ್ನು ತಾನೇ ಒಗೆದು, ತಾನೇ ಹಿಂಡಿ, ತಾನೇ ಒಣಹಾಕುತ್ತಿದ್ದ.

“ನಮ್ಮನೆಯವರನ್ನ ಒಂದಿನ ಇಲ್ಲಿಗೆ ಕರ್ಕೊಂಡು ಬರ್ತೀನಿ, ನೋಡಿ ಕಲೀಲಿ,” ಎಂದಳು ಎದುರುಮನೆಯ ಅಕ್ಕ. “ಎದ್ದು ಒಂದು ಲೋಟ ನೀರು ಕುಡಿಯೋ ಗಿರಾಕಿ ಅಲ್ಲ ಅವರು. ಹೆಂಡ್ತಿ ಬಸುರಿ ಅಂತ ಯಾವ ಗಂಡಸು ಹೀಗೆ ಬಟ್ಟೆ ಒಗೀತಾನೆ ಹೇಳಿ?”

“ಅಯ್ಯೋ ಬಿಡಿ ಅಕ್ಕ, ಇದೇನು ಮಹಾ,” ಎಂದು ಲಿಫ್ಟಣ್ಣ ಮುಖ ತಿರುಗಿಸಿದ.

ನಾಚಿಕೊಂಡ ಎಂದುಕೊಂಡು ಹೆಂಗಸರು ನಕ್ಕರು. ತಾರಸಿಯ ಬಾಗಿಲಿಗೆ ಒರಗಿ ನಿಂತಿದ್ದ ಅವನ ಹೆಂಡತಿಯೂ ನಕ್ಕಳು. ಅವಳಿಗೆ ಏಳು ತಿಂಗಳು ತುಂಬುತ್ತಿತ್ತು. ಆ ನಗುವಿನಲ್ಲಿ ಹೆಮ್ಮೆಯ ಜೊತೆಗೆ ಏನೋ ಅರ್ಥವಾಗದವಳ ಸಪ್ಪೆತನವೂ ಇತ್ತು. ಮದುವೆಯಾದಾಗಿನಿಂದ ಉಂಡ ತಟ್ಟೆ ಎತ್ತಿಡದ ಮನುಷ್ಯ ಈಗ ತನ್ನ ಒಳಉಡುಪನ್ನು ಮುಟ್ಟಲೂ ಬಿಡದೆ ಒಗೆಯುತ್ತಾನೆ. ಆದರೆ ಅವಳ ಪಕ್ಕದಲ್ಲಿ ಮಲಗುವುದಿಲ್ಲ. ಸೊಂಟನೋವು, ಗಟ್ಟಿ ನೆಲವೇ ಬೇಕು ಎಂದು ಮುಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಳ್ಳುತ್ತಾನೆ.

ಸೊಂಟಕ್ಕೆ ಏನೂ ಆಗಿರಲಿಲ್ಲ. ಅವನ ಚಡ್ಡಿಯ ಮೇಲೆ ದಿನವೂ ಹಳದಿ ಕೀವಿನ ಕಲೆ ಬೀಳುತ್ತಿತ್ತು. ಮೂತ್ರಕ್ಕೆ ಹೋದರೆ ಗೋಡೆ ಹಿಡಿದುಕೊಂಡು ಹಲ್ಲು ಕಚ್ಚುವಷ್ಟು ಉರಿ. ಆ ಕಲೆ ಹೆಂಡತಿಯ ಕಣ್ಣಿಗೆ ಬೀಳಬಾರದೆಂದು ಅವನು ಒಗೆಯಲು ಕಲಿತಿದ್ದ. ಇದು ತಾರಸಿಯ ಹೆಂಗಸರು ಮೆಚ್ಚಿದ ಗಂಡನ ನಿಜವಾದ ಕತೆ.

ಕತೆಯ ಮೊದಲ ಭಾಗ ಬೇರೆ ಊರಿನಲ್ಲಿ ನಡೆದಿತ್ತು. ಅಲ್ಲಿನ ದೊಡ್ಡ ಹೋಟೆಲೊಂದಕ್ಕೆ ಹೊಸ ಲಿಫ್ಟ್ ಕೂರಿಸಲು ಕಂಪನಿ ಅವನನ್ನು ಒಬ್ಬನನ್ನೇ ಕಳಿಸಿತ್ತು. ಹಗಲೆಲ್ಲ ಲಿಫ್ಟಿನ ಕತ್ತಲ ಬಾವಿಯೊಳಗೆ ಗುರುತಿಲ್ಲದ ಕೆಲಸಗಾರರ ಜೊತೆ ದುಡಿತ. ಸಂಜೆ ಕಿಟಕಿ ತೆರೆದರೆ ಪಕ್ಕದ ಗೋಡೆ ಕೈಗೆ ಸಿಗುವಂಥ ಲಾಡ್ಜ್ ಕೋಣೆ. ಮಾತಾಡಲು ಒಂದು ನರಪಿಳ್ಳೆ ಇಲ್ಲ. ಒಂದು ದಿನ ಅವನು ಲಾಡ್ಜಿನ ಹಿಂದಿನ ಬೀದಿಯಲ್ಲಿ ದುಡ್ಡಿಗೆ ಸಿಗುವ ಹೆಂಗಸೊಬ್ಬಳ ಹತ್ತಿರ ಹೋದ, ಇನ್ನೊಂದು ದಿನವೂ ಹೋದ. ಅವನ ಒಂಟಿತನ ನಿಜ. ಅದನ್ನು ಸಬೂಬು ಮಾಡಿಕೊಂಡಿದ್ದು ತಪ್ಪು. ಮನೆಗೆ ಬಂದ ಮೊದಲ ವಾರ ಮೈಯಲ್ಲಿ ಇನ್ನೂ ಯಾವ ಸೂಚನೆಯೂ ಇರಲಿಲ್ಲ, ಹೆಂಡತಿಯ ಜೊತೆ ಎಂದಿನಂತೆಯೇ ಇದ್ದ. ಉರಿ ಶುರುವಾಗಿದ್ದು ಆಮೇಲೆ.

ಆವತ್ತಿನಿಂದ ಮನೆಯಲ್ಲಿ ಒಂದು ಕೂಗು ನಿಂತುಹೋಯಿತು. ಲಿಫ್ಟಿನ ಕೆಲಸದಲ್ಲಿ ಒಂದು ನಿಯಮವಿದೆ. ಮೇಲಿನ ಮೋಟಾರು ಕೋಣೆಯಲ್ಲಿರುವವನು ಲಿಫ್ಟನ್ನು ಒಂದು ಗೇಣು ಕದಲಿಸಬೇಕಾದರೂ ತಳದಲ್ಲಿರುವ ಜೊತೆಗಾರನಿಗೆ “ಇದ್ದೀಯಾ?” ಎಂದು ಕೂಗಬೇಕು. “ಇದ್ದೀನಿ” ಎಂಬ ಉತ್ತರ ಕಿವಿಗೆ ಬಿದ್ದ ಮೇಲೆಯೇ ಸ್ವಿಚ್ಚಿಗೆ ಕೈ ಹಾಕಬೇಕು. ಮದುವೆಯಾದ ಹೊಸತರಲ್ಲಿ ಲಿಫ್ಟಣ್ಣ ಈ ಕೂಗನ್ನು ಮನೆಗೂ ತಂದಿದ್ದ. ಕೆಲಸದಿಂದ ಬಂದವನು ಮೆಟ್ಟಿಲ ಬುಡದಲ್ಲಿ ನಿಂತು “ಇದ್ದೀಯಾ?” ಎನ್ನುತ್ತಿದ್ದ. ಮೇಲಿನ ಮಹಡಿಯಿಂದ ಅವಳು “ಇದ್ದೀನಿ” ಎನ್ನುತ್ತಿದ್ದಳು. ಆಮೇಲೆಯೇ ಮೆಟ್ಟಿಲು ಹತ್ತುವುದು. ಕಟ್ಟಡದವರಿಗೆಲ್ಲ ಅದೊಂದು ತಮಾಷೆಯಾಗಿತ್ತು. ಈಗ ಅವನು ಸದ್ದಿಲ್ಲದೆ ಬರುತ್ತಿದ್ದ. ಬಾಯಿ ತೆರೆದರೆ ಎಲ್ಲಿ ಮಿಕ್ಕಿದ್ದೂ ಹೊರಗೆ ಬಿದ್ದೀತೋ ಎಂಬ ಹೆದರಿಕೆ.

ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಅಂತಾರಲ್ಲ, ಹಾಗೆ ಅವನು ಔಷಧಿಗೂ ಕಳ್ಳದಾರಿಯನ್ನೇ ಹುಡುಕಿದ. ಆಸ್ಪತ್ರೆಗೆ ಹೋದರೆ ಹೆಸರು ಬರೆದುಕೊಳ್ಳುತ್ತಾರೆ, ಗುರುತಿನವರು ಸಿಗುತ್ತಾರೆ. ಆದ್ದರಿಂದ ಮನೆಯ ಪಕ್ಕದ ಬೀದಿಯ ಬೇರುನಾರಿನ ಅಂಗಡಿಗೆ ಹೋದ. ಅಲ್ಲಿನ ಮುದಿ ವೈದ್ಯರು ಅವನ ತಾಯಿಯ ಕಾಲದಿಂದಲೂ ಇದ್ದವರು. ಗಾಜಿನ ಭರಣಿಗಳ ನಡುವೆ ಕೂತು, ಎದುರಿಗೆ ಬಂದವರ ನಾಲಿಗೆ ನೋಡಿ, ನಾಡಿ ಹಿಡಿದು ಔಷಧಿ ಕೊಡುವವರು.

“ಮೂತ್ರದಲ್ಲಿ ಉರಿ,” ಎಂದ ಲಿಫ್ಟಣ್ಣ. “ಮೋಟಾರು ಕೋಣೇಲಿ ಸೆಕೆ ಜಾಸ್ತಿ. ಉಷ್ಣ ಆಗಿರ್ಬೇಕು.”

“ಬೇರೆ ಏನಾದ್ರೂ ಇದೆಯಾ? ಸ್ರಾವ? ಗಾಯ?”

“ಏನಿಲ್ಲ.”

ವೈದ್ಯರು ಅವನ ಮುಖವನ್ನು ಒಂದು ಗಳಿಗೆ ಹೆಚ್ಚಿಗೆಯೇ ನೋಡಿದರು. ಆಮೇಲೆ ಬಾರ್ಲಿ, ಕೊತ್ತಂಬರಿ ಬೀಜ, ಜೀರಿಗೆ, ಎರಡು ಮೂರು ಬೇರು ಹಾಕಿ ಕುದಿಸಿ ಅವನ ಫ್ಲಾಸ್ಕಿಗೆ ತುಂಬಿಕೊಟ್ಟರು. ದಿನಾ ಸಂಜೆ ಬಂದು ತುಂಬಿಸಿಕೊಂಡು ಹೋಗು, ನೀರು ಜಾಸ್ತಿ ಕುಡಿ ಎಂದರು. ಆ ಫ್ಲಾಸ್ಕು ಮನೆಯಲ್ಲಿ ಅವನ ಟೂಲ್ ಬ್ಯಾಗಿನೊಳಗೆ ಸ್ಪ್ಯಾನರುಗಳ ಅಡಿಯಲ್ಲಿ ಇರುತ್ತಿತ್ತು. ಬೆಳಿಗ್ಗೆ ಒಂದಿಷ್ಟು ಕುಡಿದು, ಮಿಕ್ಕಿದ್ದನ್ನು ಅವನು ಕೆಲಸಕ್ಕೆ ಒಯ್ಯುತ್ತಿದ್ದ.

ಉರಿ ನಿಜವಾಗಿಯೂ ಕಡಿಮೆಯಾಯಿತು. ಅಬ್ಬಾ, ಬೀಸೋ ದೊಣ್ಣೆ ತಪ್ಪಿತು ಎಂದುಕೊಂಡ. ಆದರೆ ಬೆಳಿಗ್ಗೆ ಎದ್ದರೆ ಅದೇ ಒಂದು ಹನಿ, ಅದೇ ಕಲೆ. ಅದರ ಮೇಲೆ ಇನ್ನೊಂದು ವಿಚಿತ್ರ. ಕಷಾಯ ದಿನದಿಂದ ದಿನಕ್ಕೆ ನೀರಾಗುತ್ತಿತ್ತು.

“ಏನು ವೈದ್ಯರೇ, ನಿಮ್ಮ ಕಷಾಯದಲ್ಲಿ ಕಷಾಯವೇ ಇಲ್ಲ,” ಎಂದು ಒಂದು ಸಂಜೆ ಕೇಳಿದ.

ವೈದ್ಯರಿಗೆ ಮೂಗಿನ ತುದಿಯಲ್ಲೇ ಕೋಪ. “ಐವತ್ತು ವರ್ಷದಿಂದ ಇದೇ ಪಾತ್ರೇಲಿ ಕುದಿಸ್ತಿದ್ದೀನಿ. ಇಲ್ಲೇ ಕುಡಿದು ನೋಡು!” ಎಂದು ಲೋಟಕ್ಕೆ ಬಗ್ಗಿಸಿಕೊಟ್ಟರು. ಅದು ಕಹಿಯಾಗಿ, ಗಟ್ಟಿಯಾಗಿ, ಗಂಟಲು ಹಿಡಿಯುವ ಹಾಗಿತ್ತು. ಅವನಿಗೆ ಏನೂ ತಿಳಿಯಲಿಲ್ಲ.

ತಿಳಿದದ್ದು ಆ ವಾರವೇ, ಇನ್ನೊಂದು ಸಂಜೆ. ಸ್ನಾನದ ಮನೆಯಲ್ಲಿ ನಲ್ಲಿ ನಿಂತುಹೋಗಿ, ಅರ್ಧ ಸೋಪಿನ ಮೈಯಲ್ಲೇ ನೀರು ಕೇಳಲು ಅವನು ಹೊರಗೆ ಬಂದ. ಅಡುಗೆಮನೆಯಲ್ಲಿ ಹೆಂಡತಿ ನಿಂತಿದ್ದಳು. ಒಂದು ಕೈಯಲ್ಲಿ ಅವನ ಫ್ಲಾಸ್ಕು, ಇನ್ನೊಂದರಲ್ಲಿ ಖಾಲಿ ಲೋಟ. ಕುಡಿದಷ್ಟನ್ನು ಸರಿದೂಗಿಸಲು ಕೆಟಲಿನಿಂದ ಬಿಸಿನೀರು ಬೆರೆಸುತ್ತಿದ್ದಳು.

“ಏನ್ಮಾಡ್ತಿದ್ದೀಯ?” ಅವನ ದನಿ ಅವನಿಗೇ ಅಪರಿಚಿತವಾಗಿ ಕೇಳಿಸಿತು.

ಅವಳು ಬೆಚ್ಚಿದಳು. ಆಮೇಲೆ, ಸಿಕ್ಕಿಬಿದ್ದ ಮಗುವಿನ ಹಾಗೆ ನಕ್ಕಳು. “ಗೊತ್ತಾಯ್ತಲ್ಲ! ಹೋದ ವಾರ ನಿಮ್ಮ ಬ್ಯಾಗಲ್ಲಿ ಕತ್ತರಿ ಹುಡುಕ್ತಿದ್ದಾಗ ಸಿಕ್ತು. ಮೂಸಿದ್ರೆ ಕೊತ್ತಂಬರಿ, ಜೀರಿಗೆ. ತಂಪಿಗೆ ತಾನೇ? ನಂಗೋಸ್ಕರ ತಂದು, ಕೊಡೋಕೆ ನಾಚ್ಕೊಂಡು ಇಟ್ಕೊಂಡಿದ್ದೀರಿ ಅಂದ್ಕೊಂಡೆ. ನೀವಾಗೇ ಕೊಡ್ಲಿ ಅಂತ ನಾನೂ ಹೇಳ್ಲಿಲ್ಲ. ದಿನಾ ಸ್ವಲ್ಪ ಕುಡಿದು ನೀರು ತುಂಬಿಡ್ತಿದ್ದೆ.”

“ನಿಂಗ್ಯಾಕೆ ತಂಪು?”

“ನಂಗೂ ಉರಿ ಇದೆಯಲ್ಲ, ಸ್ವಲ್ಪ ದಿನದಿಂದ. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಅಂತ ಎದುರುಮನೆ ಅಕ್ಕ ಅಂದ್ರು. ನೀವು ಹೇಗೆ ಕಂಡುಹಿಡಿದ್ರಿ ಅಂತಾನೇ ನಂಗೆ ಆಶ್ಚರ್ಯ.”

ಲಿಫ್ಟಣ್ಣ ಸೋಪು ಒಣಗುತ್ತಿದ್ದ ಮೈಯಲ್ಲಿ ಹಾಗೇ ನಿಂತ. ಆ ಫ್ಲಾಸ್ಕನ್ನು ಅವಳು ಪ್ರೀತಿ ಎಂದುಕೊಂಡು ಕುಡಿದಿದ್ದಳು. ಅವಳಿಗೆ ಅವನು ಕೊಟ್ಟಿದ್ದು ಕಾಯಿಲೆ, ಅವಳು ಕದ್ದಿದ್ದು ಆ ಕಾಯಿಲೆಯ ಕಷಾಯ. ಅವನು ಫ್ಲಾಸ್ಕನ್ನು ಅವಳ ಕೈಯಿಂದ ತೆಗೆದುಕೊಂಡು, ಒದ್ದೆ ಮೈಗೇ ಅಂಗಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದ.

ವೈದ್ಯರು ಅಂಗಡಿಯ ಬಾಗಿಲು ಎಳೆಯುತ್ತಿದ್ದರು. ವಿಷಯ ಕೇಳಿದ್ದೇ ಅವರ ಮುಖ ಬಿಳಿಚಿತು.

“ಬಸುರೀನಾ? ಬಸುರಿ ಕುಡಿದ್ಲಾ? ಅದರಲ್ಲಿರೋ ಒಂದು ಬೇರು ಬಸುರಿಯರಿಗೆ ಕೊಡೋ ಹಾಗೇ ಇಲ್ಲವೋ! ನೀರು ಬೆರೆಸಿ ಸ್ವಲ್ಪ ಕುಡಿದಿದ್ದಾಳೆ ಅನ್ನೋದೊಂದೇ ಸಮಾಧಾನ.” ಅವನನ್ನು ಒಳಗೆ ಎಳೆದು ಕೂರಿಸಿದರು. “ಈಗ ನಿಜ ಬೊಗಳು. ಅವಳಿಗೂ ಉರಿ ಅಂದ್ರೆ ಇದು ಮೋಟಾರಿನ ಸೆಕೆ ಅಲ್ಲ.”

ಮೊದಲ ಸಲ ಅವನು ಬಾಯಿಬಿಟ್ಟ. ಬೇರೆ ಊರು, ಹಿಂದಿನ ಬೀದಿ, ಕಲೆ, ಒಗೆತ, ಎಲ್ಲ. ವೈದ್ಯರು ಬಯ್ಯುತ್ತಾರೆ ಎಂದುಕೊಂಡಿದ್ದ. ಅವರು ಭರಣಿಗಳ ಕಡೆ ನೋಡುತ್ತಾ ಕೂತರು.

“ನಮ್ಮ ಗ್ರಂಥದಲ್ಲೂ ಇದಕ್ಕೆ ಹೆಸರಿದೆ. ಪೂಯಮೇಹ, ಕೀವು ಸುರಿಯೋ ರೋಗ. ಕೂಡಿಕೆಯಿಂದ ಅಂಟೋದು ಅಂತಾನೂ ಇದೆ. ನಮ್ಮಪ್ಪ ಇದಕ್ಕೆ ಕಷಾಯ ಕೊಟ್ಟು ಹೆಸರು ಮಾಡಿದ್ರು. ಬಂದ ಗಂಡಸಿನ ಉರಿ ನಿಲ್ತಿತ್ತು, ವಾಸಿ ಆಯ್ತು ಅಂತ ಕೈ ಮುಗಿದು ಹೋಗ್ತಿದ್ದ. ಅವನ ಹೆಂಡ್ತಿ ಏನಾದ್ಲು, ಅವಳಿಗೆ ಮಕ್ಕಳು ಯಾಕಾಗ್ಲಿಲ್ಲ, ಯಾರೂ ಕೇಳ್ತಿರ್ಲಿಲ್ಲ. ನಮ್ಮಪ್ಪನೂ ಕೇಳ್ಲಿಲ್ಲ. ನಾನೂ ನಿನ್ನ ಮುಖ ನೋಡಿ ಅನುಮಾನ ಪಟ್ಟೆ, ಆದ್ರೂ ಒತ್ತಿ ಕೇಳ್ಲಿಲ್ಲ. ಉರಿ ತಣಿಸೋದು ನನ್ನ ಕೈಲಾಗುತ್ತೆ. ಆ ಕ್ರಿಮಿ ಕೊಲ್ಲೋದು ಆಗಲ್ಲ. ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗು. ಇಲ್ಲಿ ಏನೇನು ಕುಡಿದೆ ಅಂತಾನೂ ಹೇಳು, ಮುಚ್ಚಿಡ್ಬೇಡ.”

ಫ್ಲಾಸ್ಕನ್ನು ಅವರೇ ತೆಗೆದುಕೊಂಡು, ಒಳಗಿದ್ದುದನ್ನು ಚರಂಡಿಗೆ ಚೆಲ್ಲಿದರು.

ಆಸ್ಪತ್ರೆಯ ಆ ವಿಭಾಗದ ಮುಂದೆ ಉದ್ದನೆಯ ಬೆಂಚು. ಗಂಡಸರು ಒಬ್ಬರಿಗೊಬ್ಬರು ಒಂದಾಳಿನಷ್ಟು ಜಾಗ ಬಿಟ್ಟು ಕೂತಿದ್ದರು. ಎಲ್ಲರೂ ನೆಲವನ್ನೇ ನೋಡುತ್ತಿದ್ದರು. ಬಸ್ಸಿನಲ್ಲಾದರೆ ಇವರೆಲ್ಲ ಸೀಟಿಗಾಗಿ ಜಗಳವಾಡಿ ಸ್ನೇಹಿತರಾಗುತ್ತಿದ್ದರೇನೋ. ಇಲ್ಲಿ ಕೆಮ್ಮಲೂ ಹಿಂಜರಿಕೆ. ತನ್ನಂಥವರು ಇಷ್ಟು ಜನ ಇದ್ದಾರೆ ಎಂದು ಲಿಫ್ಟಣ್ಣನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅಷ್ಟು ಜನರ ನಡುವೆ ಕೂತಾಗಲೇ ಅವನಿಗೆ ತಾನು ಒಬ್ಬನೇ ಎಂದು ಹೆಚ್ಚು ಅನಿಸಿತು.

ಡಾಕ್ಟರಮ್ಮ ವಯಸ್ಸಿನಲ್ಲಿ ಅವನ ಅಕ್ಕನಷ್ಟಿದ್ದರು. ಮುಖ ಸಿಂಡರಿಸದೆ, ಕೆಮ್ಮು ನೆಗಡಿಗೆ ಕೇಳುವ ಹಾಗೆಯೇ ಎಲ್ಲ ಕೇಳಿದರು. ಪರೀಕ್ಷೆ ಮಾಡಿಸಿದರು.

“ಗೊನೋರಿಯಾ,” ಎಂದರು. “ವಾಸಿಯಾಗೋ ಕಾಯಿಲೆ. ನಿಮ್ಮ ವೈದ್ಯರ ಕಷಾಯ ಉರಿ ಕಮ್ಮಿ ಮಾಡಿರಬಹುದು, ಅದನ್ನ ನಾನು ಸುಳ್ಳು ಅನ್ನಲ್ಲ. ಕೆಲವರಿಗೆ ಏನೂ ಕುಡೀದೇ ಇದ್ರೂ ಉರಿ ತಾನಾಗೇ ಕಮ್ಮಿಯಾಗುತ್ತೆ. ಆದ್ರೆ ಕ್ರಿಮಿ ಒಳಗೇ ಇರುತ್ತೆ. ಇಲ್ಲಿಗೆ ಕಳಿಸಿದ್ರಲ್ಲ, ಅದು ಅವರು ಕೊಟ್ಟ ಒಳ್ಳೇ ಔಷಧಿ. ಇವತ್ತೇ ಇಂಜೆಕ್ಷನ್ ಕೊಡ್ತೀನಿ. ನಿಮ್ಮ ಹೆಂಡ್ತೀನೂ ಬರ್ಬೇಕು. ಬೇಗ.”

ಅವನು ಈ ಮಾತಿಗೆ ಆಸ್ಪತ್ರೆಯ ದಾರಿಯುದ್ದಕ್ಕೂ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದ.

“ಮಾತ್ರೆ ಕೊಡಿ ಡಾಕ್ಟರೇ. ನಾನು ಹಾಲಲ್ಲಿ ಬೆರೆಸಿ ಕೊಡ್ತೀನಿ. ಅವಳಿಗೆ ಗೊತ್ತಾಗೋದು ಬೇಡ.”

“ಈ ಕ್ರಿಮಿ ಹಳೇ ಮಾತ್ರೆಗಳಿಗೆಲ್ಲ ಒಗ್ಗಿಹೋಗಿದೆ. ಇಂಜೆಕ್ಷನ್ನೇ ಬೇಕು.”

“ಹಾಗಾದ್ರೆ ಕರ್ಕೊಂಡು ಬರ್ತೀನಿ. ಬಸುರಿಯರಿಗೆ ಕೊಡೋ ಟಾನಿಕ್ ಸೂಜಿ ಅಂತ ನೀವೇ ಹೇಳ್ಬಿಡಿ. ನಿಮ್ಮ ಮಾತು ನಂಬ್ತಾಳೆ. ಬಸುರಿ ಮನಸ್ಸು ನೋಯಿಸೋದು ಯಾಕೆ ಅಂತ ಅಷ್ಟೇ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ನೋಡಿ, ನಿಮ್ಮ ಗುಟ್ಟನ್ನ ನಾನು ಯಾರಿಗೂ ಹೇಳಲ್ಲ. ಆದ್ರೆ ಅವರ ಮೈಯಲ್ಲಿರೋ ಕಾಯಿಲೆ ಅವರದ್ದು. ಅದನ್ನ ಅವರಿಗೇ ಮುಚ್ಚಿಟ್ಟು ನಾನು ಸೂಜಿ ಚುಚ್ಚಲ್ಲ. ಟಾನಿಕ್ ಅಂದ್ಕೊಂಡ್ರೆ ಎರಡನೇ ಸಲ ಪರೀಕ್ಷೆಗೆ ಯಾಕೆ ಬರ್ತಾರೆ ಅವರು? ಹೆಂಗಸರಲ್ಲಿ ಎಷ್ಟೋ ಸಲ ಇದು ಗೊತ್ತೇ ಆಗದೆ ಒಳಗೆ ಹಾಳು ಮಾಡುತ್ತೆ. ಇನ್ನೊಂದು ಮಾತು. ಹೆರಿಗೆ ಹೊತ್ತಿಗೆ ಕ್ರಿಮಿ ಒಳಗೇ ಇದ್ರೆ, ಹುಟ್ಟೋ ದಾರೀಲೇ ಮಗುವಿನ ಕಣ್ಣಿಗೆ ತಗುಲುತ್ತೆ. ಕಣ್ಣು ಹೋಗಿಬಿಡಬಹುದು. ಈಗ ನೀವೇ ಹೇಳಿ, ಯಾರ ಮನಸ್ಸು ನೋಯುತ್ತೆ ಅಂತ ನೀವು ಹೆದರ್ತಿರೋದು?”

ಅವನು ಇಂಜೆಕ್ಷನ್ ಚುಚ್ಚಿಸಿಕೊಂಡು, ಡಾಕ್ಟರಮ್ಮ ಹೇಳಿದ ಪಥ್ಯಕ್ಕೆಲ್ಲ ತಲೆಯಾಡಿಸಿ ಹೊರಗೆ ಬಂದ. ಆ ದಿನ ಮನೆಯಲ್ಲಿ ಹೆಂಡತಿ, “ನಿನ್ನೆ ಯಾಕೆ ಹಾಗೆ ಹೊರಟುಹೋದ್ರಿ? ಕದ್ದು ಕುಡಿದೆ ಅಂತ ಕೋಪಾನಾ?” ಎಂದು ಎರಡು ಸಲ ಕೇಳಿದಳು. “ಆ ಔಷಧಿ ಬಸುರಿಯರಿಗೆ ಆಗಲ್ಲ, ಕುಡೀಬೇಡ,” ಎಂದಷ್ಟೇ ಹೇಳಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ. ನುಂಗಲಾರದ ತುತ್ತು ಅದು, ಉಗುಳಲೂ ಆಗುತ್ತಿರಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಳ್ಳುವಾಗ ಒಂದು ಜೊತೆ ಪುಟ್ಟ ಕಣ್ಣುಗಳು ಕತ್ತಲಲ್ಲಿ ಅವನನ್ನೇ ನೋಡುತ್ತಿದ್ದವು. ಆ ಕಣ್ಣುಗಳು ಇನ್ನೂ ಈ ಲೋಕಕ್ಕೆ ಬಂದೇ ಇರಲಿಲ್ಲ.

ಮರುದಿನ ಕೆಲಸ ಇದ್ದದ್ದು ಒಂದು ಕಚೇರಿ ಕಟ್ಟಡದಲ್ಲಿ. ಅವನು ಮೇಲೆ, ಜೊತೆಗಾರ ಗೊಣಗಣ್ಣ ಕೆಳಗೆ, ಲಿಫ್ಟಿನ ತಳದ ಗುಂಡಿಯಲ್ಲಿ. ಗೊಣಗಣ್ಣ ಮಳೆ ಬಂದರೂ ಗೊಣಗುವವನು, ಬಿಸಿಲು ಬಂದರೂ ಗೊಣಗುವವನು. ಎಷ್ಟೋ ವರ್ಷಗಳಿಂದ ಇಬ್ಬರದ್ದೂ ಒಂದೇ ಜೋಡಿ. ಲಿಫ್ಟಣ್ಣ ಮೋಟಾರು ಕೋಣೆಯಲ್ಲಿ ಹಗ್ಗಕ್ಕೆ ಎಣ್ಣೆ ಹಚ್ಚಿದ, ಬ್ರೇಕು ನೋಡಿದ. ಮನಸ್ಸು ಮಾತ್ರ ಮನೆಯಲ್ಲಿತ್ತು. ಯಾವ ಮಾತಿನಿಂದ ಶುರು ಮಾಡಲಿ, ಶುರು ಮಾಡದೆ ಬೇರೆ ದಾರಿ ಇದೆಯೇ ಎಂದು ಯೋಚಿಸುತ್ತಲೇ ಸ್ವಿಚ್ಚಿಗೆ ಕೈ ಹೋಯಿತು. ಲಿಫ್ಟು ಕೆಳಗೆ ಜಾರಿತು.

ತಳದಿಂದ ಒಂದು ಚೀರಾಟ. ಅವನು ಥಟ್ಟನೆ ಸ್ವಿಚ್ಚು ಬಿಟ್ಟ. ಮೆಟ್ಟಿಲುಗಳನ್ನು ಹಾರುತ್ತಾ ಕೆಳಗೆ ಬಂದಾಗ ಗೊಣಗಣ್ಣ ಗುಂಡಿಯಿಂದ ಹೊರಗೆ ತೆವಳಿ ಬಂದು ಗೋಡೆಗೆ ಒರಗಿ ಕೂತಿದ್ದ. ಗಾಯ ಏನೂ ಆಗಿರಲಿಲ್ಲ. ಮುಖ ಮಾತ್ರ ಹೆದರಿಕೆಯಿಂದ ಬಿಳಿಚಿಕೊಂಡಿತ್ತು.

“ಯಾಕೆ ಕೂಗ್ಲಿಲ್ಲ?” ಗೊಣಗಣ್ಣನ ದನಿಯಲ್ಲಿ ಎಂದಿನ ಗೊಣಗಾಟ ಇರಲಿಲ್ಲ. ಸಣ್ಣಗೆ, ಅಳುವವನ ಹಾಗೆ ಇತ್ತು.

“ನಿಧಾನಕ್ಕೇ ಇಳಿಸ್ದೆ ಅಣ್ಣ. ನಿಂಗೆ ತಾಗೋ ಅಷ್ಟು ಕೆಳಗೆ ಬರ್ತಿರ್ಲಿಲ್ಲ. ಲೆಕ್ಕ ಇತ್ತು ನಂಗೆ.”

“ಲೆಕ್ಕ ನಿಂಗಿತ್ತು. ಕತ್ತಲಲ್ಲಿ ಬಗ್ಗಿ ಕೂತಿದ್ದು ನಾನು. ತಲೆ ಮೇಲೆ ಏನೋ ಬರ್ತಾ ಇದೆ, ಎಲ್ಲಿ ನಿಲ್ಲುತ್ತೆ ಅಂತ ನಂಗೇನೋ ಗೊತ್ತು? ಕೆಳಗಿರೋನು ಮನುಷ್ಯ ಅಲ್ವೇನೋ?”

ಗೊಣಗಣ್ಣ ಆ ದಿನ ಮತ್ತೆ ಗುಂಡಿಗೆ ಇಳಿಯಲಿಲ್ಲ. ಲಿಫ್ಟಣ್ಣನ ಮುಂದೆ ಗೊಣಗಣ್ಣ ಕೂತಿದ್ದ, ಕಣ್ಣಿಗೆ ಕಾಣುತ್ತಿದ್ದವಳು ಫ್ಲಾಸ್ಕು ಹಿಡಿದು ನಕ್ಕ ಹೆಂಡತಿ.

ಸಂಜೆ ಇನ್ನೂ ಬೆಳಕಿರುವಾಗಲೇ ಮನೆಗೆ ಬಂದ. ಅವಳು ಮಂಚದ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅವನು ನೆಲದ ಮೇಲೆ ಕೂತ. ಸಿದ್ಧ ಮಾಡಿಕೊಂಡು ಬಂದ ಪೀಠಿಕೆಯೆಲ್ಲ ಮರೆತುಹೋಯಿತು.

“ಆ ಊರಲ್ಲಿ ನಾನು ಒಬ್ಬಳ ಹತ್ರ ಹೋಗಿದ್ದೆ. ಅಲ್ಲಿಂದ ಕಾಯಿಲೆ ತಂದೆ. ಗೊನೋರಿಯಾ ಅಂತೆ. ನಿಂಗೂ ಅಂಟಿಸಿದ್ದೀನಿ. ನಿನ್ನ ಉರಿ ಅದೇ, ಬಸುರಿನ ಉರಿ ಅಲ್ಲ. ಆ ಫ್ಲಾಸ್ಕಲ್ಲಿದ್ದದ್ದು ನನ್ನ ಔಷಧಿ. ಅದರಿಂದ ವಾಸಿಯಾಗಲ್ಲ. ನಾಳೆ ನೀನು ಡಾಕ್ಟರ ಹತ್ರ ಬರ್ಬೇಕು.”

ಅವಳ ಕೈಯಲ್ಲಿ ಅರ್ಧ ಮಡಚಿದ ಅಂಗಿ ಹಾಗೇ ಉಳಿಯಿತು. ಕೆಳಗೆ ಯಾರದೋ ಮನೆಯಲ್ಲಿ ರೇಡಿಯೋ ಹಾಡುತ್ತಿತ್ತು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

“ಮಗೂಗೆ?”

“ಈಗ ಔಷಧಿ ತಗೊಂಡ್ರೆ ಏನೂ ಆಗಲ್ಲ ಅಂದ್ರು. ತಗೊಳ್ದೇ ಇದ್ರೆ ಹುಟ್ಟುವಾಗ ಕಣ್ಣಿಗೆ ತಗುಲುತ್ತಂತೆ.”

“ಆ ಬಟ್ಟೆ ಒಗೀತಿದ್ದದ್ದು?”

“ಕಲೆ ನಿಂಗೆ ಕಾಣ್ಬಾರ್ದು ಅಂತ.”

“ಸೊಂಟನೋವು?”

“ಸುಳ್ಳು.”

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಅಂಗಿಯನ್ನು ಮೆಲ್ಲಗೆ ಮಂಚದ ಮೇಲಿಟ್ಟಳು. “ಹೊಟ್ಟೆ ದಪ್ಪ ಆಗಿ, ಮುಖ ಊದಿಕೊಂಡು, ನನ್ನ ಕಂಡ್ರೆ ನಿಮಗೆ ಹೇಸಿಗೆ ಅಂದ್ಕೊಂಡಿದ್ದೆ. ಕನ್ನಡಿ ನೋಡೋದೇ ಬಿಟ್ಟಿದ್ದೆ. ತಾರಸೀಲಿ ಎಲ್ರೂ ನಿಮ್ಮನ್ನ ಹೊಗಳುವಾಗ, ಇಷ್ಟು ಒಳ್ಳೇವ್ರ ಮೇಲೆ ಅನುಮಾನ ಪಡ್ತೀನಲ್ಲ, ನಾನೇ ಪಾಪಿ ಅಂತ ಒಬ್ಬಳೇ ಕೂತು ಅತ್ತಿದ್ದೀನಿ. ಒಂದು ಮಾತು, ಒಂದೇ ಒಂದು ಮಾತು ಮೊದಲೇ ಹೇಳ್ಬಾರ್ದಿತ್ತಾ?”

ಹೇಳಬಹುದಿತ್ತು.

ಮರುದಿನ ಆಸ್ಪತ್ರೆಗೆ ಅವಳು ಮುಂದೆ ನಡೆದಳು, ಅವನು ಹಿಂದೆ. ಬಾಗಿಲ ಹತ್ತಿರ, “ನೀವು ಹೊರಗೇ ಇರಿ,” ಎಂದಳು. ಅವನು ಅದೇ ಬೆಂಚಿನ ಮೇಲೆ ಕೂತ. ಒಳಗಿನಿಂದ ಡಾಕ್ಟರಮ್ಮನ ದನಿ ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಹೆಂಡತಿ ಹೊರಬಂದಾಗ ಅವಳ ಕಣ್ಣು ಕೆಂಪಾಗಿತ್ತು, ನಡಿಗೆ ನೆಟ್ಟಗಿತ್ತು. “ಸೂಜಿ ಹಾಕಿದ್ರು. ಮಗು ಚೆನ್ನಾಗಿದೆಯಂತೆ. ಕಷಾಯದ ವಿಷಯಾನೂ ಹೇಳ್ದೆ, ಹೆದರ್ಬೇಡಿ ಅಂದ್ರು. ಹೆರಿಗೆಗೆ ಮೊದಲು ಇನ್ನೊಂದು ಸಲ ಪರೀಕ್ಷೆ ಮಾಡ್ತಾರಂತೆ. ಇನ್ನು ನನ್ನ ಹತ್ರ ಮಾತಾಡ್ಬೇಡಿ,” ಎಂದಳು.

ಮಾರನೆಯ ಬೆಳಿಗ್ಗೆ ಅವನು ಬಕೆಟ್ಟು ಹಿಡಿದು ತಾರಸಿಗೆ ಹೊರಟಾಗ, ಅವಳು ತನ್ನ ಬಟ್ಟೆಯ ಗಂಟನ್ನೂ, ಎರಡು ಹೊದಿಕೆಯನ್ನೂ ತಂದು ಅದೇ ಬಕೆಟ್ಟಿಗೆ ದಬಕ್ಕನೆ ಹಾಕಿದಳು. “ಒಗೆಯೋಕೆ ಬರುತ್ತಲ್ಲ ಈಗ,” ಎಂದಳು, ಅಷ್ಟೇ. ಮಾಡಿದ್ದುಣ್ಣೋ ಮಹರಾಯ. ಅವನು ಒಗೆದ. ಹೊದಿಕೆ ಹಿಂಡಲು ಇಬ್ಬರು ಬೇಕು, ಅವನು ಒಂದು ತುದಿಯನ್ನು ನಲ್ಲಿಗೆ ಸುತ್ತಿ ಒಬ್ಬನೇ ಹಿಂಡಿದ. ಎದುರುಮನೆಯ ಅಕ್ಕನಿಗೆ ಅದನ್ನು ಕಂಡು ಕಣ್ಣೇ ತುಂಬಿಬಂತು.

“ಚಿನ್ನದಂಥ ಗಂಡ ಕಣ್ರೀ!”

“ನನ್ನನ್ನ ಹೊಗಳ್ಬೇಡಿ ಅಕ್ಕ,” ಎಂದ ಲಿಫ್ಟಣ್ಣ. ಈ ಸಲ ಮುಖ ತಿರುಗಿಸಲಿಲ್ಲ. “ಹೊಗಳಿಸ್ಕೊಳ್ಳೋ ಕೆಲಸ ನಾನು ಮಾಡಿಲ್ಲ. ಅವಳನ್ನ ಹೊಗಳಿ.”

ಎಂಥ ವಿನಯ ಎಂದು ಅಕ್ಕ ಇನ್ನಷ್ಟು ಹೊಗಳಿದಳು. ಆದರೆ ತಾರಸಿಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅವನ ಮಾತು ಕೇಳಿಸಿಕೊಂಡಿದ್ದಳು. ಅವಳು ನಗಲಿಲ್ಲ, ಒಳಗೂ ಹೋಗಲಿಲ್ಲ.

ಹೀಗೆ ಕೆಲವು ವಾರ ಕಳೆದವು. ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರ ಹಾಗೆ ಇದ್ದರು. ಅವನ ಕಲೆ ನಿಂತಿತ್ತು, ಅವಳ ಉರಿ ನಿಂತಿತ್ತು. ಒಂದು ಸಂಜೆ ಅವನು ವೈದ್ಯರ ಅಂಗಡಿಯಿಂದ ತನ್ನ ಫ್ಲಾಸ್ಕು ತರಲು ಹೋದಾಗ ಅವರು ಯಾರೋ ಗಿರಾಕಿಗೆ ಗದರುತ್ತಿದ್ದರು. “ಉಷ್ಣ ಅಂತ ನೀನು ಹೇಳ್ಬೇಡ, ನಾನು ಹೇಳ್ತೀನಿ. ಮನೇಲಿ ಹೆಂಡ್ತಿ ಹೇಗಿದ್ದಾಳೆ, ಅದನ್ನ ಮೊದಲು ಹೇಳು.” ಲಿಫ್ಟಣ್ಣನನ್ನು ನೋಡಿ ಅವರು ತೊಳೆದಿಟ್ಟ ಫ್ಲಾಸ್ಕನ್ನು ಕೊಟ್ಟರು.

ಅದನ್ನು ಹಿಡಿದು ಮನೆಗೆ ಬಂದ. ಮೆಟ್ಟಿಲ ಬುಡದಲ್ಲಿ ಕಾಲು ತಾನಾಗಿ ನಿಂತಿತು. ಕೂಗು ಗಂಟಲ ತನಕ ಬಂದಿತ್ತು. ಕೂಗಲು ತನಗೇನು ಹಕ್ಕಿದೆ ಎನಿಸಿ, ಎಂದಿನಂತೆ ಸದ್ದು ಮಾಡದೆ ಹತ್ತಿ ಬಾಗಿಲು ತಳ್ಳಿದ.

ಅಡುಗೆಮನೆಯಲ್ಲಿ ಅವಳು ಬೆಚ್ಚಿಬಿದ್ದಳು. ಕೈಯಲ್ಲಿದ್ದ ಚಮಚ ಬಿತ್ತು.

“ಪರೀಕ್ಷೆ ಫಲಿತಾಂಶ ಬಂತು,” ಎಂದಳು, ಬೆನ್ನು ತಿರುಗಿಸಿಕೊಂಡೇ. “ಏನೂ ಉಳಿದಿಲ್ಲವಂತೆ.”

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ.

“ನಿಮ್ಮನ್ನ ಕ್ಷಮಿಸಿದ್ದೀನಿ ಅಂತಲ್ಲ ಇದು,” ಎಂದಳು ಅವಳು. “ಆದ್ರೆ ಹೀಗೆ ಹೇಳದೆ ಕೇಳದೆ ಹತ್ತಿ ಬರ್ಬೇಡಿ. ಬರ್ತಿರೋರು ಯಾರು ಅಂತ ಗೊತ್ತಾಗದೆ ನಂಗೆ ಹೆದರಿಕೆ ಆಗುತ್ತೆ.”

ಅವನು ಫ್ಲಾಸ್ಕನ್ನು ಹೊಸಿಲ ಹತ್ತಿರ ಇಟ್ಟು ತಿರುಗಿದ. ಎಲ್ಲ ಮೆಟ್ಟಿಲುಗಳನ್ನೂ ಇಳಿದು ಮತ್ತೆ ಬುಡಕ್ಕೆ ಹೋಗಿ ನಿಂತ. ಕತ್ತೆತ್ತಿ ಕೂಗಿದ.

“ಇದ್ದೀಯಾ?”

ಎರಡನೇ ಮಹಡಿಯಲ್ಲಿ ಯಾರೋ ಕಿಟಕಿ ತೆರೆದರು. ಎದುರುಮನೆಯ ಅಕ್ಕ ಕಂಬಿಯಿಂದ ಬಗ್ಗಿ ನೋಡಿ, “ಓ, ಶುರುವಾಯ್ತಪ್ಪ ಮತ್ತೆ!” ಎಂದು ನಕ್ಕಳು. ಮೇಲಿನಿಂದ ಉತ್ತರ ಬರಲಿಲ್ಲ. ಲಿಫ್ಟಣ್ಣ ಮೊದಲ ಮೆಟ್ಟಿಲ ಮೇಲೂ ಕಾಲಿಡಲಿಲ್ಲ. ಉತ್ತರ ಕೇಳುವ ತನಕ ಕದಲಬಾರದು. ಅಕ್ಕ ಕಾದು ಕಾದು ಬೇಸತ್ತು ಒಳಗೆ ಹೋದಳು, ಕಿಟಕಿ ಮುಚ್ಚಿಕೊಂಡಿತು. ಅವನು ಅಲ್ಲೇ ನಿಂತಿದ್ದ.

“ಇದ್ದೀನಿ,” ಎಂದಳು ಅವಳು ಕೊನೆಗೆ, ಅವನಿಗೆ ಕೇಳಿಸುವಷ್ಟೇ ಮೆಲ್ಲಗೆ.

ಅವನು ಒಂದೊಂದೇ ಮೆಟ್ಟಿಲು ಹತ್ತತೊಡಗಿದ. ಸದ್ದು ಮಾಡುತ್ತಾ.